ಕಾಫಿ ತೋಟದಲ್ಲಿ ಸಿನಿಮಾ: ಬೆಳಕು ಹಾಕುವುದಕ್ಕಿಂತ ತಡೆಯುವುದೇ ಜಾಸ್ತಿ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಕೊಯ್ಲಿನ ಸಮಯಕ್ಕೆ ಕಿರುಚಿತ್ರವೊಂದನ್ನು ತೆಗೆದೆ. ಕ್ಯಾಮೆರಾ ಕೆಲಸ ಪೂರ್ತಿ ನನ್ನದೇ. ಚಿತ್ರ ನೋಡಿದವರು ಮೊದಲು ಕೇಳುವುದು "ಯಾವ ಕ್ಯಾಮೆರಾ?" ಅಂತ. ಹೇಳುತ್ತೇನೆ. ಆದರೆ ಅದರಲ್ಲಿ ಮುಖಗಳಿಗೆ ಕಳೆ ಬಂದದ್ದು ಚಿಕ್ಕಮಗಳೂರಿನ ಬಟ್ಟೆ ಅಂಗಡಿಯಿಂದ ಮೀಟರ್ ಲೆಕ್ಕದಲ್ಲಿ ತಂದ ಕಪ್ಪು ಬಟ್ಟೆಯಿಂದ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ತೋಟದೊಳಗೆ ಕಾಲಿಟ್ಟರೆ ಕಣ್ಣಿಗೆ ತಂಪು. ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳು, ಕೆಳಗೆ ಎದೆಮಟ್ಟದ ಕಾಫಿ ಗಿಡ. ಇಂಥ ಜಾಗದಲ್ಲಿ ಮುಖ ಹಿಡಿಯುವುದು ಮಾತ್ರ ಸುಲಭವಿಲ್ಲ. ಬೆಳಕು ಒಂದು ಕಡೆಯಿಂದ ಬರುವುದಿಲ್ಲ, ಮೇಲಿಂದ, ಪಕ್ಕದಿಂದ, ಗಿಡದ ಎಲೆಗಳಿಂದ, ಎಲ್ಲ ಕಡೆಯಿಂದ ಬರುತ್ತದೆ. ಕೆನ್ನೆಗೆ ನೆರಳೇ ಇರುವುದಿಲ್ಲ, ಮುಖ ಚಪ್ಪಟೆಯಾಗಿ ಕಾಣುತ್ತದೆ. ಹಳೇಬೀಡಿನ ಗೋಡೆಯ ಶಿಲ್ಪಗಳನ್ನು ಒಮ್ಮೆ ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿ, ಒಮ್ಮೆ ಮೋಡ ಕವಿದ ದಿನ ನೋಡಿ. ಕಲ್ಲು ಅದೇ, ಕೆತ್ತನೆ ಅದೇ, ಆದರೆ ಮೋಡದ ದಿನ ಆಳವೆಲ್ಲ ಮಾಯ. ತೋಟದಲ್ಲಿ ಮನುಷ್ಯರ ಮುಖಕ್ಕೂ ಹಾಗೇ ಆಗುತ್ತದೆ.

ಇಂಥ ಕಡೆ ಇನ್ನಷ್ಟು ಲೈಟ್ ತಂದು ಸುರಿದರೆ ಪ್ರಯೋಜನವಿಲ್ಲ, ಒಂದು ಕಡೆಯ ಬೆಳಕನ್ನು ತೆಗೆಯಬೇಕು. ಬೆಂಗಳೂರಿನಿಂದ ಬಂದಿದ್ದ ಲೈಟ್ ಹುಡುಗ ಮೊದಲ ದಿನ ಸ್ಟ್ಯಾಂಡ್ ಹಿಡಿದು ನಿಂತಿದ್ದ.

"ಸಾರ್, ಲೈಟ್ ಎಲ್ಲಿ ಇಡ್ಲಿ?"

"ಲೈಟ್ ಬೇಡಪ್ಪ. ಈ ಕಡೆ ಕಟ್ಟರ್ ತಾ. ಇನ್ನೂ ಹತ್ತಿರ, ಫ್ರೇಮಿಗೆ ಬೀಳೋವರೆಗೂ ತಾ."

ಆರಡಿಗೆ ಆರಡಿಯ ಪೈಪ್ ಚೌಕಟ್ಟಿಗೆ ಕಪ್ಪು ಬಟ್ಟೆ ಬಿಗಿದು ಮಾಡಿಕೊಂಡ ಕಟ್ಟರ್ ಅದು. ನಟಿಯ ಎಡಕೆನ್ನೆಯಿಂದ ಒಂದು ತೋಳಿನಷ್ಟು ದೂರಕ್ಕೆ ಅದು ಬಂತು ನೋಡಿ, ಮಾನಿಟರ್‌ನಲ್ಲಿ ಆ ಕೆನ್ನೆ ಒಂದು ಸ್ಟಾಪ್‌ಗಿಂತ ಜಾಸ್ತಿ ಇಳಿಯಿತು. ಒಂದು ಸ್ಟಾಪ್ ಇಳಿಯುವುದು ಅಂದರೆ ಬೆಳಕು ಅರ್ಧವಾಗುವುದು. ಮೂಗಿನ ಗೆರೆ ಎದ್ದು ಬಂತು. ಇನ್ನೊಂದು ತುಂಡು ಬಟ್ಟೆಯನ್ನು ಅವರ ಕಾಲ ಬಳಿ ನೆಲಕ್ಕೆ ಹಾಸಿಸಿದೆ. ಅಲ್ಲಿಯವರೆಗೂ ಗಲ್ಲದ ಕೆಳಗೆ, ಕತ್ತಿನ ಮಡಿಕೆಯಲ್ಲಿ ತೆಳು ಹಸಿರು ಕೂತಿತ್ತು. ಎಲೆಗಳ ಮೇಲೆ ಬಿದ್ದ ಬೆಳಕು ಕೆಳಗಿನಿಂದ ಪುಟಿದು ಬರುವ ಹಸಿರು ಅದು. ಬಟ್ಟೆ ಹಾಸಿದ ತಕ್ಷಣ ಹೋಯಿತು. ಕ್ಯಾಮೆರಾದಲ್ಲಿ ಹಸಿರು-ಗುಲಾಬಿ ಛಾಯೆ ಹೊಂದಿಸುವ ಟಿಂಟ್ ಬದಲಿಸಿಯೂ ಹಸಿರು ಕಡಿಮೆ ಮಾಡಬಹುದು. ಆದರೆ ಆಗ ಹಿಂದಿನ ತೋಟವೇ ಬಣ್ಣ ಕಳೆದುಕೊಳ್ಳುತ್ತದೆ. ತೋಟ ಹಸಿರಾಗಿರಬೇಕು, ಮುಖ ಮಾತ್ರ ಮುಖದ ಬಣ್ಣದಲ್ಲಿರಬೇಕು, ಅಲ್ವಾ?

ಬಟ್ಟೆ ಆರಿಸುವಾಗ ಮಿಂಚುವ ಸ್ಯಾಟಿನ್ ಥರದ್ದು ಬೇಡ. ಮಂದ ಕಪ್ಪಿನ ದಪ್ಪ ಹತ್ತಿ ಬಟ್ಟೆ ಸಾಕು. ಎದುರು ಕೆನ್ನೆಗೆ ಸ್ವಲ್ಪ ಹೊಳಪು ಬೇಕೆನಿಸಿದರೆ ಬಿಳಿ ಥರ್ಮಾಕೋಲ್.

ಇನ್ನು ಚುಕ್ಕೆ ಬಿಸಿಲು. ಮರದ ಸಂದಿಯಿಂದ ಇಳಿದು ಎಲೆಯ ಮೇಲೆ, ಭುಜದ ಮೇಲೆ ಬೀಳುವ ಬಿಸಿಲಿನ ತುಂಡುಗಳು. ಮುಖಕ್ಕೆ ಎಕ್ಸ್‌ಪೋಷರ್ ಸರಿ ಮಾಡಿದರೆ ಅವು ಬೆಳ್ಳಗೆ ಉರಿದುಹೋಗುತ್ತವೆ. ಇಲ್ಲಿ ಕ್ಯಾಮೆರಾದ ಮಾತು ಬರುತ್ತದೆ. ನನ್ನದು ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ ಸಿನಿಮಾ ಕ್ಯಾಮೆರಾ 4ಕೆ, 2018ರಲ್ಲಿ ಬಂದದ್ದು. ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಅಳತೆ ಐಎಸ್‌ಒ. ಇದಕ್ಕೆ ಎರಡು ಮೂಲ ಐಎಸ್‌ಒ ಇವೆ, 400 ಮತ್ತು 3200. 100ರಿಂದ 1000ದವರೆಗೆ ಮೊದಲನೆಯದು ಕೆಲಸ ಮಾಡುತ್ತದೆ, 1250ರಿಂದ ಮೇಲೆ ಎರಡನೆಯದು. ಒಂದು ಗುಂಪಿನೊಳಗೆ ಐಎಸ್‌ಒ ಏರಿಸಿದಷ್ಟೂ ಹೈಲೈಟ್, ಅಂದರೆ ತೀರಾ ಬೆಳಕಿನ ಭಾಗದ ಕಡೆಗೆ ಜಾಗ ಜಾಸ್ತಿ, ನೆರಳಿನ ಕಡೆಗೆ ಕಡಿಮೆ. ಹಾಗಾಗಿ ಚುಕ್ಕೆ ಬಿಸಿಲಿನಲ್ಲಿ ನಾನು 1000 ಇಟ್ಟು, ಮುಂದೆ ಎನ್‌ಡಿ ಫಿಲ್ಟರ್ ಹಾಕಿ ಬೆಳಕು ಇಳಿಸುತ್ತೇನೆ. ಹೊಸಬರಿಗೆ ಇದು ತಲೆಕೆಳಗು ಅನ್ನಿಸುತ್ತದೆ. ಬೆಳಕು ಜಾಸ್ತಿ ಇದ್ದರೆ ಐಎಸ್‌ಒ ಇಳಿಸಬೇಕು ಅಂತಲೇ ಎಲ್ಲರೂ ಕಲಿತಿರುವುದು. ಆದರೆ ಇಲ್ಲಿ 100ಕ್ಕೆ ಇಳಿಸಿದರೆ ಬಿಸಿಲಿನ ತುಂಡು ಬೇಗ ಸುಟ್ಟುಹೋಗುತ್ತದೆ.

ಮುಖಕ್ಕೆ ಫಾಲ್ಸ್ ಕಲರ್ ನೋಡುತ್ತೇನೆ, ಎಷ್ಟು ಬೆಳಕಿದೆ ಅನ್ನುವುದನ್ನು ಬಣ್ಣಗಳಲ್ಲಿ ತೋರಿಸುವ ಪರದೆ ಅದು. ಈ ಕ್ಯಾಮೆರಾದಲ್ಲಿ ನಡುಬೂದು ಹಸಿರಾಗಿ ಕಾಣುತ್ತದೆ, ಅದಕ್ಕಿಂತ ಒಂದು ಸ್ಟಾಪ್ ಮೇಲಿನದು ಗುಲಾಬಿ, ಸುಟ್ಟುಹೋದದ್ದು ಕೆಂಪು. ಬಿಳಿ ಮೈಬಣ್ಣದವರ ಮುಖ ಗುಲಾಬಿಯಲ್ಲಿರಲಿ ಅನ್ನುತ್ತಾರೆ. ನಮ್ಮ ತೋಟದಲ್ಲಿ ಕೆಲಸ ಮಾಡುವವರ ಮೈಬಣ್ಣಕ್ಕೆ ಹಸಿರೇ ಸರಿ, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಕೆಳಗೆ. ಕಪ್ಪು ಮುಖವನ್ನು ಎಳೆದು ಬೆಳ್ಳಗೆ ಮಾಡುವುದು ನನಗೆ ಸುತರಾಂ ಇಷ್ಟವಿಲ್ಲ.

ಎನ್‌ಡಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಯಲು ಬಿಸಿಲಿನಲ್ಲಿ ಐಎಸ್‌ಒ 400, ಸೆಕೆಂಡಿಗೆ 24 ಫ್ರೇಮ್, ಲೆನ್ಸ್ ತೆರವು ಎಫ್ 2.8 ಇಟ್ಟುಕೊಂಡರೆ ಸುಮಾರು 8 ಸ್ಟಾಪ್ ಬೆಳಕು ಇಳಿಸಬೇಕು. ಒಂದು ಸ್ಟಾಪ್‌ಗೆ 0.3ರಂತೆ 2.4ರ ಎನ್‌ಡಿ. ಸಾದಾ ಎನ್‌ಡಿ ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ ಇಳಿಸುತ್ತದೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಅನ್ನು ಹಾಗೇ ಬಿಡುತ್ತದೆ. ಅದು ಸೆನ್ಸರ್‌ಗೆ ತಲುಪಿದರೆ ಕಪ್ಪು ಬಟ್ಟೆ ಕಂದಾಗುತ್ತದೆ. ಚಳಿಗೆ ಎಲ್ಲರೂ ಹಾಕುವ ಕಪ್ಪು ನೈಲಾನ್ ಜರ್ಕಿನ್ ಇದೆಯಲ್ಲ, ಟೆಸ್ಟ್ ಶೂಟ್‌ನಲ್ಲಿ ಅದು ಒಣ ದ್ರಾಕ್ಷಿಯ ಬಣ್ಣಕ್ಕೆ ತಿರುಗಿತ್ತು. ತೋಟದಲ್ಲಿ ಈ ಕಾಟ ಜಾಸ್ತಿ. ಎಲೆಗಳು ಕಾಣುವ ಬೆಳಕನ್ನು ಹೀರಿಕೊಂಡು ಇನ್‌ಫ್ರಾರೆಡ್ ಅನ್ನು ಕೆಳಗೆ ಬಿಡುತ್ತವೆ, ಆದ್ದರಿಂದ ನೆರಳಿನಲ್ಲಿ ಅದರ ಪಾಲು ಬಯಲಿಗಿಂತ ಹೆಚ್ಚು. ಇನ್‌ಫ್ರಾರೆಡ್ ತಡೆಯುವ ಐಆರ್ ಎನ್‌ಡಿ ಫಿಲ್ಟರ್ ಬಾಡಿಗೆಗೆ ತಂದ ಮೇಲೆ ಜರ್ಕಿನ್ ಕಪ್ಪಗೇ ಉಳಿಯಿತು. ದುಡ್ಡು ಕಡಿಮೆ ಇದ್ದರೆ ಇನ್ನೊಂದು ಲೆನ್ಸ್ ಬಿಡಿ, ಈ ಫಿಲ್ಟರ್ ಬಿಡಬೇಡಿ.

ಲೆನ್ಸ್ ಸಿಗ್ಮಾ 18-35, ಎಫ್ 1.8, ಕ್ಯಾಮೆರಾಕ್ಕೂ ಅದಕ್ಕೂ ಮಧ್ಯೆ ನೋಟ ಅಗಲಿಸಿ ಬೆಳಕು ಹೆಚ್ಚಿಸುವ 0.71ರ ಸ್ಪೀಡ್ ಬೂಸ್ಟರ್. ಬಹುಪಾಲು ಚಿತ್ರ ಇದೊಂದರಲ್ಲೇ ಮುಗಿಯಿತು. ರೆಕಾರ್ಡಿಂಗ್ ಬ್ಲ್ಯಾಕ್‌ಮ್ಯಾಜಿಕ್ ರಾ ಫಾರ್ಮ್ಯಾಟಿನಲ್ಲಿ, ಎಂಟಕ್ಕೊಂದರಷ್ಟು ಕುಗ್ಗಿಸಿ (8:1), ಯುಎಸ್‌ಬಿ-ಸಿ ಎಸ್‌ಎಸ್‌ಡಿಗೆ. 24 ಫ್ರೇಮ್‌ನಲ್ಲಿ ಗಂಟೆಗೆ 140 ಜಿಬಿಗಿಂತ ಸ್ವಲ್ಪ ಜಾಸ್ತಿ ತಿನ್ನುತ್ತದೆ. ದಿನದ ಕೊನೆಗೆ ಎರಡು ಕಾಪಿ, ಎರಡು ಬೇರೆ ಬ್ಯಾಗಿನಲ್ಲಿ. ಒಳಗೆ ಹಾಕುವ ಎಲ್‌ಪಿ-ಇ6 ಬ್ಯಾಟರಿ ಹೆಚ್ಚೆಂದರೆ ಒಂದು ಗಂಟೆ. ಅದಕ್ಕೇ ಹಿಂದೆ 98 ವ್ಯಾಟ್-ಅವರ್‌ನ ವಿ-ಮೌಂಟ್ ದೊಡ್ಡ ಬ್ಯಾಟರಿ ಕಟ್ಟಿಕೊಂಡೆ. ಮೂರು ಗಂಟೆಗೆ ಮೋಸವಿಲ್ಲ.

ಕೆಲಸಗಾರರು ಇರುವ ಲೈನ್ ಮನೆಯೊಳಗಿನ ದೃಶ್ಯಗಳಿಗೆ ಬೇರೆಯದೇ ತಯಾರಿ ಬೇಕಾಯಿತು. ನಮ್ಮ ಕರೆಂಟ್ 50 ಹರ್ಟ್ಜ್, ಬಲ್ಬು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. 24 ಫ್ರೇಮ್‌ನಲ್ಲಿ 180 ಡಿಗ್ರಿ ಶಟರ್ ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಸಮಯ ಸೆಕೆಂಡಿನ 48ನೇ ಒಂದು ಭಾಗ. ಆ ಮಿಡಿತಕ್ಕೂ ಇದಕ್ಕೂ ಹೊಂದುವುದಿಲ್ಲ, ಗೋಡೆಯ ಮೇಲೆ ಪಟ್ಟಿಗಳು ಮೆಲ್ಲಗೆ ತೇಲುತ್ತವೆ. 172.8 ಡಿಗ್ರಿ ಇಟ್ಟರೆ ಸರಿಯಾಗಿ 50ನೇ ಒಂದು ಭಾಗವಾಗುತ್ತದೆ, ಪಟ್ಟಿ ಹೋಗುತ್ತದೆ. ನಾನಂತೂ ಶೂಟಿಂಗ್ ಪೂರ್ತಿ 172.8ರಲ್ಲೇ ಇಟ್ಟಿದ್ದೆ, ಹೊರಗೂ ಸಹ. ಜನರೇಟರ್‌ನಲ್ಲಿ ಮಾತ್ರ ಈ ಲೆಕ್ಕ ನಂಬುವ ಹಾಗಿಲ್ಲ. ಲೋಡ್ ಏರಿದರೆ ಅದರ ವೇಗ ಇಳಿಯುತ್ತದೆ, ಹರ್ಟ್ಜ್ ಕೂಡ ಇಳಿಯುತ್ತದೆ. ಸಂಜೆ ಹಣ್ಣು ಬಿಡಿಸುವ ಪಲ್ಪರ್ ಶುರುವಾದರೆ ತೋಟದ ಲೈನಿನಲ್ಲಿ ವೋಲ್ಟೇಜೂ ಕುಸಿಯುತ್ತದೆ. ಹಾಗಾಗಿ ಒಳಾಂಗಣಕ್ಕೆ ಬ್ಯಾಟರಿಯಲ್ಲಿ ಉರಿಯುವ ಎಲ್‌ಇಡಿ ಪ್ಯಾನೆಲ್‌ಗಳನ್ನೇ ನೆಚ್ಚಿಕೊಂಡೆ. ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಹತ್ತಿರ ಮೊದಲೇ ಮಾತಾಡಿ ಪಲ್ಪರ್ ಸಮಯ ತಿಳಿದುಕೊಂಡಿದ್ದೂ ಅನುಕೂಲವಾಯಿತು. ಕೊಯ್ಲಿನ ಸಮಯದಲ್ಲಿ ಅವರ ಕೆಲಸ ಮೊದಲು, ನಮ್ಮದು ಆಮೇಲೆ.

ಸೌಂಡ್‌ಗೆ ಒಂದೇ ಮಾತು. ಸಂಜೆ ಜೀರುಂಡೆ ಎದ್ದ ಮೇಲೆ ಡೈಲಾಗ್ ತೆಗೆಯಬೇಡಿ. ಆ ಸದ್ದು ಮಾತಿನ ಸ, ಶ ಅಕ್ಷರಗಳ ಜಾಗದಲ್ಲೇ ಕೂರುತ್ತದೆ, ಅದನ್ನು ಫಿಲ್ಟರ್ ಮಾಡಿದರೆ ಮಾತೂ ಮೊಂಡಾಗುತ್ತದೆ.

ಕ್ಯಾಮೆರಾ ಮನೆಗೆ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಮುಂಜಾವಿನ ಚಳಿಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ನೇರ ಅಡುಗೆಮನೆಗೆ ತಂದರೆ ಲೆನ್ಸ್ ಮೇಲೆ ನೀರು ಕೂರುತ್ತದೆ. ಹೊರಗಡೆಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಳಗೆ ತನ್ನಿ, ಬೆಚ್ಚಗಾದ ಮೇಲೆ ಬಿಚ್ಚಿ. ಆರಿದ್ರಾ ಮಳೆ ಹಿಡಿಯಿತೆಂದರೆ ಇನ್ನೊಂದು ಚಿಂತೆ, ಫಂಗಸ್. ಹಳೆ ಲೆನ್ಸ್ ಕೊಳ್ಳುವವರು ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಗಾಜಿನ ಅಂಚಿನಿಂದ ಒಳಕ್ಕೆ ಕವಲೊಡೆದ ಸಣ್ಣ ಬಿಳಿ ಎಳೆಗಳು ಕಂಡರೆ ಬಿಟ್ಟುಬಿಡಿ. ನನ್ನ ಲೆನ್ಸ್‌ಗಳೆಲ್ಲ ರಬ್ಬರ್ ಅಂಚಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇರುತ್ತವೆ. ಒಳಗೆ ತೇವಾಂಶ ತೋರಿಸುವ ಪುಟ್ಟ ಮೀಟರ್ ಇಟ್ಟಿದ್ದೇನೆ, 40ರಿಂದ 50ರೊಳಗೆ ಇದ್ದರೆ ಒಳ್ಳೆಯದು. ಕಿತ್ತಳೆ ಹರಳು ಹಸಿರಾದರೆ ಅದಕ್ಕೆಂದೇ ಇಟ್ಟ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸುತ್ತೇನೆ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ. ಆದರೆ ಅಲ್ಲಿನ ಹೊಗೆ ಮಸಿ ಲೆನ್ಸ್‌ಗೆ ಆಗಿಬರುವುದಿಲ್ಲ.

ಮುಂದಿನ ಚಿತ್ರದ ಅರ್ಧ ಭಾಗ ಕಾಫಿ ಒಣಗಿಸುವ ಕಣದಲ್ಲಿ ನಡೆಯುತ್ತದೆ. ಅಲ್ಲಿ ನೆರಳೇ ಇಲ್ಲ, ನೆತ್ತಿಯ ಬಿಸಿಲು ಸಿಮೆಂಟಿಗೆ ಬಡಿದು ಕೆಳಗಿನಿಂದ ಮುಖಕ್ಕೆ ಹೊಡೆಯುತ್ತದೆ. ಮೇಲೆ ಕಟ್ಟಲು ಎಂಟಡಿಗೆ ಎಂಟಡಿಯ, ಬಿಸಿಲನ್ನು ಮೆದುಗೊಳಿಸುವ ಬಿಳಿ ಸ್ಕಿಮ್ಮರ್ ಬಟ್ಟೆ ಹೊಲಿಯಲು ಕೊಟ್ಟಿದ್ದೇನೆ. ನೆಲಕ್ಕೆ ಹಾಸಲು ಅದೇ ಕಪ್ಪು ಬಟ್ಟೆ ಸಾಲದು, ಇನ್ನೊಂದಷ್ಟು ಮೀಟರ್ ತರಬೇಕು.