ಹೋದ ವಾಸನೆ ಮರಳಿಸಲು ಮೂಗಿಗೆ ಅಭ್ಯಾಸ: ನಾಲ್ಕು ಬಾಟಲಿ, ದಿನಕ್ಕೆರಡು ಸಲ

ಶೀತ, ಜ್ವರ, ಕೋವಿಡ್ ಬಂದುಹೋದ ಮೇಲೆ ಎರಡು ವಾರವಾದರೂ ವಾಸನೆ ಮರಳದಿದ್ದರೆ ನಾಲ್ಕು ಪರಿಮಳಗಳನ್ನು ದಿನಾ ಮೂಸುವ ಈ ಅಭ್ಯಾಸ ಶುರುಮಾಡಿ. ಬೇಗ ಹಿಡಿದಷ್ಟೂ ಒಳ್ಳೆಯದು. ಜೊತೆಗೇ ಕಿವಿ-ಮೂಗು-ಗಂಟಲು ವೈದ್ಯರಿಗೂ ತೋರಿಸಿ. ಮೂಗಿನೊಳಗೆ ದುರ್ಮಾಂಸ ಬೆಳೆದಿದ್ದರೆ, ಸೈನಸ್ ಕಟ್ಟಿದ್ದರೆ ವಾಸನೆ ನರದವರೆಗೆ ಹೋಗುವುದೇ ಇಲ್ಲ. ಎಷ್ಟು ಮೂಸಿದರೂ ಪ್ರಯೋಜನವಿಲ್ಲ. ತಲೆಗೆ ಪೆಟ್ಟು ಬಿದ್ದು ವಾಸನೆ ಹೋಗಿದ್ದರೆ, ಅಥವಾ ಕಾರಣವೇ ಇಲ್ಲದೆ ಕಮ್ಮಿಯಾಗುತ್ತ ಬಂದಿದ್ದರೆ ತೋರಿಸುವುದನ್ನು ಮುಂದೂಡಲೇಬೇಡಿ.

ಜರ್ಮನಿಯ ಡ್ರೆಸ್ಡೆನ್‌ನಲ್ಲಿ ವಾಸನೆಯ ಸಂಶೋಧಕ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಈ ಅಭ್ಯಾಸದ ಕ್ರಮದಲ್ಲಿ ಇದ್ದದ್ದು ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಇವುಗಳ ಎಣ್ಣೆಯನ್ನು ಗ್ರಂಥಿಗೆ ಅಂಗಡಿಯಲ್ಲಿ ಕೇಳಿ. ಮುಚ್ಚಳ ಬಿಗಿಯಾಗಿ ಕೂರುವ ನಾಲ್ಕು ಸಣ್ಣ ಗಾಜಿನ ಬಾಟಲಿಯ ತಳಕ್ಕೆ ಹತ್ತಿ ಇಟ್ಟು, ಐದಾರು ಹನಿ ಬಿಟ್ಟು, ಹೆಸರು ಅಂಟಿಸಿ. ಪ್ಲಾಸ್ಟಿಕ್ ಬೇಡ, ಅದಕ್ಕೇ ವಾಸನೆ ಹಿಡಿಯುತ್ತದೆ. ಎರಡು-ಮೂರು ತಿಂಗಳಿಗೊಮ್ಮೆ ಹತ್ತಿ, ಎಣ್ಣೆ ಎರಡನ್ನೂ ಬದಲಿಸಿ.

ಎಣ್ಣೆ ಸಿಗದಿದ್ದರೆ ನಾಲ್ಕೈದು ಲವಂಗವನ್ನು ಆಗಷ್ಟೇ ಜಜ್ಜಿ, ನಿಂಬೆ ಸಿಪ್ಪೆಯನ್ನು ಆಗಷ್ಟೇ ತುರಿದು ಬಳಸಬಹುದು. ಆದರೆ ಆಗುಂಬೆ, ತೀರ್ಥಹಳ್ಳಿ ಕಡೆಯ ಜಡಿಮಳೆಯಲ್ಲಿ ಸಿಪ್ಪೆ ತೆಗೆದಿಟ್ಟರೆ ಬೂಷ್ಟು ಹಿಡಿದು, ನೀವು ಮೂಸುವುದು ನಿಂಬೆಯನ್ನಲ್ಲ, ಬೂಷ್ಟನ್ನು.

ಬೆಳಗ್ಗೆ ತಿಂಡಿಗೆ ಮುಂಚೆ, ರಾತ್ರಿ ಮಲಗುವ ಮುಂಚೆ ಕೂತುಕೊಳ್ಳಿ. ಊದುಬತ್ತಿ, ಒಗ್ಗರಣೆ, ಬಚ್ಚಲೊಲೆಯ ಹೊಗೆ ಸುಳಿಯದ ಕೋಣೆಯಾಗಲಿ. ಬಾಟಲಿ ಮೂಗಿಗೆ ತಾಗಿಸದೆ ಒಂದಿಂಚು ದೂರ ಹಿಡಿದು, ಜೋರಾಗಿ ಎಳೆಯದೆ, ಚಿಕ್ಕ ಚಿಕ್ಕ ಉಸಿರಿನಲ್ಲಿ 20 ಸೆಕೆಂಡು ಮೂಸಿ. ಅರ್ಧ ನಿಮಿಷ ಬಿಟ್ಟು ಮುಂದಿನದು. ಮೂಸುವಾಗ ಆ ವಾಸನೆಯನ್ನು ನೆನಪಿನಿಂದ ಎಳೆದು ತನ್ನಿ: ನಿಂಬೆ ಹೆಚ್ಚಿದಾಗ ಬೆರಳಿಗೆ ಹತ್ತುತ್ತಿದ್ದ ಸಿಪ್ಪೆಯ ಘಾಟು, ಜಜ್ಜಿದ ಲವಂಗ. ಏನೂ ಬರದಿದ್ದರೂ ಮನಸ್ಸು ಅಲ್ಲೇ ಇರಬೇಕು. ಮೊಬೈಲ್ ನೋಡುತ್ತ ಮೂಸಿದ್ದು ಲೆಕ್ಕಕ್ಕಿಲ್ಲ. ಎಣ್ಣೆಯನ್ನು ಮೂಗಿಗೆ ಬಿಡುವುದು, ಸವರುವುದು ಖಂಡಿತ ಬೇಡ.

ಹೆಚ್ಚಿನವರು ಮೋಸ ಹೋಗುವುದು ನೀಲಗಿರಿಯಲ್ಲಿ. ಮೂಗಿಗೆ ತಂಪು, ಚುರುಕು ಹತ್ತಿದ್ದನ್ನು ವಾಸನೆ ಬಂತು ಅಂದುಕೊಳ್ಳುತ್ತಾರೆ. ಅದು ಮುಖದ ಸ್ಪರ್ಶ ತಿಳಿಸುವ ಟ್ರೈಜೆಮಿನಲ್ ನರದ ಕೆಲಸ. ಕರ್ಪೂರ, ನೋವಿನ ಮುಲಾಮಿನದೂ ಇದೇ ಕಥೆ. ಸುಧಾರಣೆ ಅಳೆಯಲು ಗುಲಾಬಿಯೇ ನಂಬಿಕಸ್ಥ. ವಾರಕ್ಕೊಮ್ಮೆ ಪ್ರತಿ ಬಾಟಲಿಗೂ ಸೊನ್ನೆಯಿಂದ ಹತ್ತರೊಳಗೆ ಅಂಕ ಬರೆದಿಡಿ, ಇಲ್ಲದಿದ್ದರೆ ಸಣ್ಣ ಏರಿಕೆ ಗಮನಕ್ಕೇ ಬಾರದು.

ವಾಸನೆಯ ನರಕೋಶಗಳು ಹೊಸದಾಗಿ ಹುಟ್ಟುತ್ತಲೇ ಇರುತ್ತವೆ, ಆದರೆ ನಿಧಾನ. ಕನಿಷ್ಠ 12 ವಾರ ಬಿಡದೆ ಮಾಡಿ, ಆಮೇಲೆ ಏಲಕ್ಕಿ, ಕಾಫಿಪುಡಿ, ಶುಂಠಿ, ಅಪ್ಪೆಮಿಡಿಯಂಥ ಬೇರೆ ವಾಸನೆಗೆ ಬದಲಿಸಿ ಆರೆಂಟು ತಿಂಗಳು ಮುಂದುವರಿಸಿ. ಎಲ್ಲರಿಗೂ ಪೂರ್ತಿ ಮರಳುತ್ತದೆಂಬ ಖಾತ್ರಿಯಿಲ್ಲ. ನಡುವೆ ಕಾಫಿ ಸುಟ್ಟಂತೆ, ಈರುಳ್ಳಿ ಒಗ್ಗರಣೆ ಕೊಳೆತಂತೆ ನಾರಬಹುದು. ನರ ಚೇತರಿಸಿಕೊಳ್ಳುವಾಗ ಹೀಗಾಗುವುದುಂಟು. ಹೆದರಿ ನಿಲ್ಲಿಸಬೇಡಿ, ಸಹಿಸಲಾಗದ ಬಾಟಲಿ ಒಂದನ್ನೇ ಕೆಲವು ದಿನ ಪಕ್ಕಕ್ಕಿಡಿ.

ವಾಸನೆ ಮರಳುವವರೆಗೆ ಗ್ಯಾಸ್ ಸೋರಿದರೆ ನಿಮಗೆ ತಿಳಿಯದು. ರಾತ್ರಿ ರೆಗ್ಯುಲೇಟರ್ ಬಂದ್ ಮಾಡಿ, ಆಗಾಗ ಪೈಪಿಗೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಿ. ಹಾಲು, ನಿನ್ನೆಯ ಸಾರನ್ನು ಮನೆಯವರು ಯಾರಾದರೂ ಮೂಸಿದ ಮೇಲೆಯೇ ಬಳಸಿ.