ಮೊದಲ ಮಳೆ, ಜಾರುವ ಏಪ್ರನ್

ಮುಂಬೈ ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ (ನೆಲದ ಮೇಲಿರುವ ವಿಮಾನಗಳ ಸೇವಾಕಾರ್ಯ) ಸುರಕ್ಷತೆಯ ಹೊಣೆ ಹೊತ್ತಿರುವ ನನಗೆ, ಅಪಾಯಕಾರಿ ಸ್ಥಿತಿಗಳನ್ನು ದಾಖಲಿಸುವ ಹಜಾರ್ಡ್ ರಿಜಿಸ್ಟರ್ ಬರೆಯುವುದು ನಿತ್ಯದ ಕೆಲಸ. ಅದರಲ್ಲಿ ಹೆಚ್ಚಿನವರು ‘ಟ್ರಾಲಿ ವಿಮಾನಕ್ಕೆ ಬಡಿಯಬಹುದು’ ಎಂದು ನಮೂದಿಸುತ್ತಾರೆ. ಅದು ಪರಿಣಾಮ; ಹಜಾರ್ಡ್ ಎಂದರೆ ಆ ಪರಿಣಾಮಕ್ಕೆ ಎಡೆಮಾಡಿಕೊಡುವ ಸ್ಥಿತಿ. ಆ ಸ್ಥಿತಿಯನ್ನು ಗುರುತಿಸದಿದ್ದರೆ ‘ಚಾಲಕರು ಎಚ್ಚರ ವಹಿಸತಕ್ಕದ್ದು’ ಎಂಬ ಸುತ್ತೋಲೆಯ ಆಚೆಗೆ ಪರಿಹಾರ ಹೋಗುವುದಿಲ್ಲ, ಮತ್ತು ಅಂಥ ಸುತ್ತೋಲೆಗಳ ಮೇಲೆ ನನಗೆ ನಂಬಿಕೆ ಕಡಿಮೆ.

ಒಂದು ಜೂನ್‌ನಲ್ಲಿ, ಮೊದಲ ಮಳೆಯ ಬೆನ್ನಿಗೇ, ಏಪ್ರನ್‌ನಲ್ಲಿ, ಎಂದರೆ ವಿಮಾನಗಳು ನಿಲ್ಲುವ ಕಾಂಕ್ರೀಟ್ ಅಂಗಳದಲ್ಲಿ, ಒಂದೇ ಸ್ಟ್ಯಾಂಡಿನ (ಒಂದು ವಿಮಾನ ನಿಲ್ಲುವ ಜಾಗ) ಬಳಿ ಟಗ್‌ಗಳು (ಟ್ರಾಲಿ ಎಳೆಯುವ ವಾಹನಗಳು) ಜಾರುತ್ತಿವೆ ಎಂಬ ವರದಿಗಳು ಬಂದವು. ಬ್ರೇಕ್ ತಪಾಸಣೆಗೆ ಅವನ್ನು ವರ್ಕ್‌ಶಾಪಿಗೆ ಕಳಿಸುವ ಮಾತು ನಡೆದಿದ್ದಾಗ ವಿಜಯಪುರದ ಕಡೆಯ ಚಾಲಕರೊಬ್ಬರು, “ಬ್ರೇಕ್ ಚಲೋ ಅದಾವ್ರಿ ಸರ, ನೆಲಾನ ಜಾರತೈತ್ರಿ” ಎಂದರು. ಹೋಗಿ ನೋಡಿದರೆ, ಬಿಡುವಿನಲ್ಲಿ ಟಗ್‌ಗಳು ನಿಲ್ಲುವ ಜಾಗದಲ್ಲಿ ಹೈಡ್ರಾಲಿಕ್ ಎಣ್ಣೆ ತೊಟ್ಟಿಕ್ಕಿ, ಬೇಸಿಗೆಯುದ್ದಕ್ಕೂ ಧೂಳಿನೊಡನೆ ಕಾಂಕ್ರೀಟಿಗೆ ಮೆತ್ತಿಕೊಂಡಿತ್ತು. ಮಳೆ ನೀರು ಅದನ್ನು ಎಬ್ಬಿಸಿ ಇಳಿಜಾರಿನಗುಂಟ ಸ್ಟ್ಯಾಂಡಿನ ದಾರಿಗೆ ಹರಡಿತ್ತು. ನಮೂದಿಸಿದ್ದು ಅದನ್ನೇ.

ಐಸಿಎಒ (ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಮಾದರಿಯ ಕೋಷ್ಟಕದಲ್ಲಿ ಸಂಭವನೀಯತೆಗೆ 1ರಿಂದ 5 (5 ಅತಿ ಹೆಚ್ಚು), ತೀವ್ರತೆಗೆ ‘ಎ’ಯಿಂದ ‘ಇ’ವರೆಗೆ (‘ಎ’ ಅತಿ ತೀವ್ರ) ದರ್ಜೆಗಳಿವೆ. ನಾವು 4ಸಿ ಕೊಟ್ಟೆವು. ಟಗ್‌ಗಳ ತಂಗುದಾಣವನ್ನು ಇಳಿಜಾರಿನ ಕೆಳಬದಿಗೆ ಸ್ಥಳಾಂತರಿಸಿ, ಎಣ್ಣೆ ಹಿಡಿಯುವ ತಟ್ಟೆಗಳನ್ನಿಟ್ಟು, ನೆಲ ತೊಳೆಸಿದ ಮೇಲೆ ಅದು 2ಸಿಗೆ ಇಳಿಯಿತು. ಅಕ್ಷರ ಬದಲಾಗಲಿಲ್ಲ, ಜಾರಿದ ಟಗ್ ಮನುಷ್ಯನಿಗೆ ಬಡಿದರೆ ಆಗುವ ಪೆಟ್ಟು ತಟ್ಟೆ ಇಟ್ಟ ಮಾತ್ರಕ್ಕೆ ಹಗುರಾಗದು. ಕ್ರಮ ಕೈಗೊಂಡ ಕೂಡಲೇ ಎರಡನ್ನೂ ಇಳಿಸಿ ಬರೆಯುವ ರೂಢಿ ನಮ್ಮಲ್ಲಿ ಬಹಳವಿದೆ.

ಹೊಸ ತಂಗುದಾಣದಿಂದ ಇನ್ನೊಂದು ತೊಡಕು ಹುಟ್ಟಿತು. ಅಲ್ಲಿ ಸಾಲಾಗಿ ನಿಂತ ಟಗ್‌ಗಳು ಸರ್ವಿಸ್ ರಸ್ತೆಯ ತಿರುವನ್ನು ಮರೆಮಾಡಿದವು. ಅದಕ್ಕೆ ಪ್ರತ್ಯೇಕ ನಮೂದು ಮಾಡಿ, ಸಾಲನ್ನು ತಿರುವಿನಿಂದ ಹಿಂದೆ ಸರಿಸಿ ಗೆರೆ ಎಳೆಸಿದೆವು.

2013ರ ನವೆಂಬರಿನಲ್ಲಿ ಅನ್ವಯಕ್ಕೆ ಬಂದ ಸುರಕ್ಷತಾ ನಿರ್ವಹಣೆಯ ಕುರಿತ ಐಸಿಎಒದ 19ನೆಯ ಅನುಬಂಧವು ಕಡ್ಡಾಯ ವರದಿಯ ಜೊತೆಗೆ ಸ್ವಯಂಪ್ರೇರಿತ ವರದಿಯ ವ್ಯವಸ್ಥೆಯನ್ನೂ ಬಯಸುತ್ತದೆ. ಆದರೆ ಆ ಚಾಲಕರಿಗೆ ನಮ್ಮ ಇಂಗ್ಲಿಷ್ ಫಾರಂ ತುಂಬುವುದು ಆಗದ ಮಾತಾಗಿತ್ತು. ಹೀಗಾಗಿ ಈಗ ಕನ್ನಡ, ಮರಾಠಿ, ಹಿಂದಿ ಯಾವುದರಲ್ಲಿ ಬಾಯಿಮಾತಿನಲ್ಲಿ ಹೇಳಿದರೂ ಸೂಪರ್‌ವೈಸರ್ ಬರೆದುಕೊಂಡು, ಹೇಳಿದವರಿಗೇ ಓದಿ ತೋರಿಸುತ್ತಾರೆ. ಎಣ್ಣೆಯ ನಮೂದನ್ನು ನಾವಿನ್ನೂ ಮುಚ್ಚಿಲ್ಲ; ಹಳೆಯ ಟಗ್‌ಗಳು ಇರುವವರೆಗೆ ಸೋರಿಕೆ ಇದ್ದೇ ಇರುತ್ತದೆ, ಆದ್ದರಿಂದ ಪ್ರತಿ ಮೇ ತಿಂಗಳಲ್ಲಿ ಅದನ್ನು ಮತ್ತೆ ಪರಿಶೀಲಿಸುತ್ತೇವೆ.