ಎಫ್‌ಪಿಎಸ್ 140 ಇದ್ದರೂ ಆಟ ಮುಗ್ಗರಿಸುತ್ತಿತ್ತು: ಕಾರಣ ಹುಡುಕಿದ ನನ್ನ ಅನುಭವ

ಒಳ್ಳೆಯ ಗ್ರಾಫಿಕ್ಸ್ ಕಾರ್ಡ್, ಎಂಟು ಕೋರ್‌ಗಳ ಪ್ರೊಸೆಸರ್, 32 ಜಿಬಿ ರ‍್ಯಾಮ್, ವೇಗದ ಎಸ್‌ಎಸ್‌ಡಿ. ನನ್ನ ಗೇಮಿಂಗ್ ಕಂಪ್ಯೂಟರಿಗೆ ಯಾವುದರ ಕೊರತೆಯೂ ಇರಲಿಲ್ಲ. ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಬರುತ್ತದೆ ಅನ್ನುವ ಲೆಕ್ಕ) 130, 140 ಅಂತ ಓಡುತ್ತಿತ್ತು. ಆದರೂ ಕ್ಯಾಮೆರಾ ತಿರುಗಿಸುವಾಗ ಚಿತ್ರ ಒಂದು ಕ್ಷಣ ನಿಂತು ಮುಂದಕ್ಕೆ ಜಿಗಿಯುತ್ತಿತ್ತು. ಗ್ರಾಫಿಕ್ಸ್ ಸೆಟ್ಟಿಂಗ್ ಇಳಿಸಿದೆ. ಎಫ್‌ಪಿಎಸ್ ಏರಿತು, ಜಿಗಿತ ಹಾಗೇ ಉಳಿಯಿತು. ಇದೇ ನನಗೆ ಸಿಕ್ಕ ಮೊದಲ ಸುಳಿವು. ಕಾರ್ಡಿನ ಹೊರೆ ಇಳಿಸಿದರೂ ತೊಂದರೆ ಕದಲುವುದಿಲ್ಲ ಎಂದರೆ, ಅದರ ಬೇರು ಬೇರೆಲ್ಲೋ ಇದೆ ಅಂತ ಅಲ್ವಾ?

ಎಫ್‌ಪಿಎಸ್ ಅನ್ನುವುದು ಸರಾಸರಿ. ನಮ್ಮ ಕಣ್ಣು ನೋಡುವುದು ಸರಾಸರಿಯನ್ನಲ್ಲ, ಒಂದೊಂದು ಫ್ರೇಮ್ ಬರಲು ಹಿಡಿಯುವ ಸಮಯವನ್ನು. ಅದನ್ನೇ ಫ್ರೇಮ್ ಟೈಮ್ ಎನ್ನುತ್ತಾರೆ. 60 ಎಫ್‌ಪಿಎಸ್‌ಗೆ ಒಂದು ಫ್ರೇಮ್ 16.7 ಮಿಲಿಸೆಕೆಂಡಿನಲ್ಲಿ ಬರಬೇಕು, 144ಕ್ಕೆ ಸುಮಾರು 7ರಲ್ಲಿ. ಒಂದು ಸೆಕೆಂಡಿನಲ್ಲಿ ಒಂದೇ ಒಂದು ಫ್ರೇಮ್ 80 ಮಿಲಿಸೆಕೆಂಡ್ ತಿಂದು, ಉಳಿದವೆಲ್ಲ 7ರಲ್ಲೇ ಬಂದವು ಎಂದುಕೊಳ್ಳಿ. ಆ ಸೆಕೆಂಡಿನ ಎಫ್‌ಪಿಎಸ್ ಇನ್ನೂ 130ರ ಮೇಲೆಯೇ ಇರುತ್ತದೆ! ಕಣ್ಣಿಗೆ ಮಾತ್ರ ಆಟ ಮುಗ್ಗರಿಸಿದ್ದು ಚೆನ್ನಾಗಿಯೇ ಗೊತ್ತಾಗುತ್ತದೆ.

ಹಾಗಾಗಿ ಮೊದಲು ಎಫ್‌ಪಿಎಸ್ ಅಂಕಿಯನ್ನು ತೆಗೆದು ಹಾಕಿ, ಆ ಜಾಗದಲ್ಲಿ ಫ್ರೇಮ್ ಟೈಮ್ ಗ್ರಾಫ್ ಇಟ್ಟುಕೊಂಡೆ. ಗ್ರಾಫಿಕ್ಸ್ ಕಾರ್ಡ್ ನೋಡಿಕೊಳ್ಳುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ಜೊತೆ ಬರುವ ರಿವಾಟ್ಯೂನರ್‌ನಲ್ಲಿ ಇದು ಸುಲಭ. ಕ್ಯಾಪ್‌ಫ್ರೇಮ್‌ಎಕ್ಸ್‌ನಲ್ಲಿ ಪ್ರತಿ ಸಲದ ಓಟವನ್ನೂ ದಾಖಲಿಸಿಕೊಂಡೆ. ಒಂದೇ ಸೇವ್ ಫೈಲ್, ಒಂದೇ ದಾರಿ, ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಆಫ್. ಒಂದು ಸಲಕ್ಕೆ ಒಂದೇ ಬದಲಾವಣೆ. ಹತ್ತು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಬೇಗ ಮುಗಿಯುವ ತಪಾಸಣೆಗಳನ್ನು ಮೊದಲು ಮುಗಿಸಿದೆ. ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಅಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಹೋಗಿದೆಯಾ? ವಿಂಡೋಸ್‌ನಲ್ಲಿ ರಿಫ್ರೆಶ್ ರೇಟ್ (ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವುದು) 144 ಇದೆಯಾ, ಇಲ್ಲ 60ರಲ್ಲೇ ನಿಂತಿದೆಯಾ? ಎರಡು ರ‍್ಯಾಮ್ ಸ್ಟಿಕ್‌ಗಳು ಡ್ಯುಯಲ್ ಚಾನೆಲ್‌ನಲ್ಲಿ (ಎರಡೂ ಒಟ್ಟಿಗೆ ಕೆಲಸ ಮಾಡುವ ಜೋಡಣೆಯಲ್ಲಿ) ಇವೆಯಾ? ಹೆಚ್ಚಿನ ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಇದಕ್ಕೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಬಳಸಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ರ‍್ಯಾಮ್ ವೇಗ ನೋಡಿದರೆ ನನ್ನ 6000ದ ಡಿಡಿಆರ್5 ರ‍್ಯಾಮ್ 4800ರಲ್ಲಿ ಓಡುತ್ತಿತ್ತು. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಜಾಗ) ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡುವ ತನಕ ಅದು ಹಾಗೇ ಇರುತ್ತದೆ. ಆನ್ ಮಾಡಿದೆ. ಗ್ರಾಫಿನ ಗೆರೆ ಒಟ್ಟಾರೆ ಸ್ವಲ್ಪ ಕೆಳಗಿಳಿಯಿತು. ಆದರೆ ಮೇಲಕ್ಕೆ ಚಿಮ್ಮುವ ಮುಳ್ಳುಗಳು ಎಲ್ಲಿಯೂ ಹೋಗಲಿಲ್ಲ.

ಆಮೇಲೆ ಆ ಮುಳ್ಳುಗಳು ಯಾವಾಗ ಬರುತ್ತವೆ ಅಂತ ಗಮನಿಸಲು ಶುರು ಮಾಡಿದೆ. ಇಡೀ ಹುಡುಕಾಟದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಎಷ್ಟು ಎತ್ತರದ ಮುಳ್ಳು ಅನ್ನುವುದಕ್ಕಿಂತ ಯಾವ ಲಯದಲ್ಲಿ ಬರುತ್ತದೆ ಅನ್ನುವುದು ಜಾಸ್ತಿ ಹೇಳುತ್ತದೆ. ನನ್ನಲ್ಲಿ ಮೂರು ಬಗೆಯವು ಇದ್ದವು.

ಕೆಲವು ಒಂದು ಜಾಗಕ್ಕೆ ಮೊದಲ ಸಲ ಹೋದಾಗ, ಒಂದು ಸ್ಫೋಟವನ್ನು ಮೊದಲ ಸಲ ನೋಡಿದಾಗ ಮಾತ್ರ ಬರುತ್ತಿದ್ದವು. ಅದೇ ದಾರಿಯಲ್ಲಿ ಮತ್ತೆ ಓಡಿದರೆ ಇಲ್ಲ. ಇದು ಶೇಡರ್ (ಬೆಳಕು, ಬಣ್ಣ ಹೇಗೆ ಬಿಡಿಸಬೇಕೆಂದು ಕಾರ್ಡಿಗೆ ಹೇಳುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗುವಾಗಿನ, ಅಂದರೆ ತಯಾರಾಗುವಾಗಿನ, ತಡೆ. ಡೈರೆಕ್ಟ್ಎಕ್ಸ್ 12, ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಗಳನ್ನು ಬಳಸುವ ಆಟಗಳಲ್ಲಿ ಶೇಡರ್‌ಗಳನ್ನು ಮೊದಲೇ ತಯಾರು ಮಾಡಿಕೊಳ್ಳದೆ ಆಡುವಾಗಲೇ ತಯಾರಿಸಿದರೆ ಹೀಗಾಗುತ್ತದೆ. ಆಟ ಶುರುವಾಗುವಾಗ ಶೇಡರ್ ತಯಾರಾಗುತ್ತಿದೆ ಅಂತ ಪ್ರಗತಿ ಪಟ್ಟಿ ತೋರಿಸಿದರೆ ಅದು ಪೂರ್ತಿ ಮುಗಿಯಲಿ, ದಾಟಿಸಬೇಡಿ. ಡ್ರೈವರ್ ಹೊಸದು ಹಾಕಿದ ಮೇಲೆ ಈ ತಡೆ ಮತ್ತೆ ಕಾಣಿಸಿಕೊಂಡರೆ ಗಾಬರಿ ಬೇಡ, ಹಳೆಯ ಶೇಡರ್‌ಗಳು ಹೋಗಿ ಹೊಸದಾಗಿ ತಯಾರಾಗುತ್ತಿರುತ್ತವೆ.

ಎರಡನೆಯ ಬಗೆ ನನ್ನನ್ನು ಜಾಸ್ತಿ ಕಾಡಿದ್ದು. ಆಟದಲ್ಲಿ ಗೋಡೆ ನೋಡುತ್ತಾ ಸುಮ್ನೆ ನಿಂತರೂ, ಎರಡೆರಡು ಸೆಕೆಂಡಿಗೆ ಒಂದು ಮುಳ್ಳು. ಗಡಿಯಾರದಷ್ಟು ಕರಾರುವಾಕ್ಕು. ಆಟಕ್ಕೆ ಸಾಮಾನ್ಯವಾಗಿ ಇಂಥ ಲಯ ಇರುವುದಿಲ್ಲ. ಇದು ಹಿನ್ನೆಲೆಯಲ್ಲಿ ಓಡುವ ಯಾವುದೋ ಪ್ರೋಗ್ರಾಂನ ಲಯ. ವಿಂಡೋಸ್‌ನೊಳಗಿನ ತಡೆಗಳನ್ನು ಅಳೆಯುವ ಲೇಟೆನ್ಸಿಮಾನ್ ಓಡಿಸಿದಾಗ ಡಿಪಿಸಿ ಲೇಟೆನ್ಸಿಯೂ (ಡ್ರೈವರ್‌ಗಳ ತುರ್ತು ಕೆಲಸಗಳಿಂದ ಆಗುವ ತಡ) ಅದೇ ಲಯದಲ್ಲಿ ಏರುವುದು ಕಂಡಿತು. ಒಂದೊಂದೇ ಪ್ರೋಗ್ರಾಂ ಮುಚ್ಚುತ್ತಾ ಬಂದೆ. ಫ್ಯಾನು ಮತ್ತು ಬಣ್ಣದ ದೀಪಗಳನ್ನು ನಿಯಂತ್ರಿಸುವ ಸಾಫ್ಟ್‌ವೇರ್ ಮುಚ್ಚಿದ ಕೂಡಲೇ ಗೆರೆ ನೇರವಾಯಿತು. ಆದರೂ ಖಾತ್ರಿ ಬೇಕಿತ್ತು. ಅದನ್ನು ಮತ್ತೆ ತೆರೆದು, ಸೆನ್ಸರ್ ಓದುವ ಅವಧಿಯನ್ನು ಎರಡು ಸೆಕೆಂಡಿನಿಂದ ಐದಕ್ಕೆ ಬದಲಿಸಿದೆ. ಮುಳ್ಳುಗಳೂ ಐದೈದು ಸೆಕೆಂಡಿಗೆ ಬರತೊಡಗಿದವು! ಇದಕ್ಕಿಂತ ಸಾಕ್ಷಿ ಬೇಕಾ? ಮದರ್‌ಬೋರ್ಡಿನ ಕೆಲವು ಸೆನ್ಸರ್‌ಗಳನ್ನು ಓದುವ ದಾರಿಯೇ ನಿಧಾನ. ಎರಡು ಮೂರು ಪ್ರೋಗ್ರಾಂಗಳು ಒಟ್ಟಿಗೆ ಅದನ್ನೇ ಓದಲು ಹೋದರೆ ಇನ್ನೂ ಕಷ್ಟ. ಈಗ ಫ್ಯಾನ್ ವೇಗವನ್ನು ಬಯೋಸ್‌ನಲ್ಲೇ ಹೊಂದಿಸಿ, ಆ ಸಾಫ್ಟ್‌ವೇರನ್ನು ತೆಗೆದು ಹಾಕಿದ್ದೇನೆ. ನಾವು ಅಳೆಯಲು ಬಳಸುವ ಮಾನಿಟರಿಂಗ್ ಸಾಫ್ಟ್‌ವೇರ್ ಕೂಡ ಹೀಗೆ ಮಾಡಬಹುದು, ಆದ್ದರಿಂದ ಅದರಲ್ಲಿ ಬೇಕಾದ ಸೆನ್ಸರ್ ಮಾತ್ರ ಇಟ್ಟುಕೊಳ್ಳಿ. ಮೌಸ್ ಆಡಿಸಿದಾಗ ಮಾತ್ರ ತಡೆ ಬರುತ್ತಿದ್ದರೆ ಮೌಸಿನ ಪೋಲಿಂಗ್ ರೇಟನ್ನು (ಅದು ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ಸುದ್ದಿ ಕಳಿಸುತ್ತದೆ ಅನ್ನುವುದು) 8000ದಿಂದ 1000ಕ್ಕೆ ಇಳಿಸಿ ನೋಡಿ.

ಮೂರನೆಯದು ಅರ್ಧ ಗಂಟೆ ಆಡಿದ ಮೇಲೆ ಶುರುವಾಗುತ್ತಿತ್ತು. ತಡವಾಗಿ ಬರುವ ತೊಂದರೆಗೆ ಬಿಸಿ ಅಥವಾ ಮೆಮೊರಿ ಕಾರಣವಾಗಿರುವುದೇ ಹೆಚ್ಚು. ಪ್ರೊಸೆಸರ್ ಬಿಸಿ ಮಿತಿಯೊಳಗೇ ಇತ್ತು, ಕ್ಲಾಕ್ ವೇಗ ಬಿದ್ದಿರಲಿಲ್ಲ. ಆದರೆ ಕಾರ್ಡಿನ ವಿರ‍್ಯಾಮ್ (ಅದರ ಸ್ವಂತ ಮೆಮೊರಿ) ತುಂಬಿ ತುಳುಕುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಶೇರ್ಡ್ ಜಿಪಿಯು ಮೆಮೊರಿ ಏರುತ್ತಾ ಹೋಗಿತ್ತು. ವಿರ‍್ಯಾಮ್‌ನಲ್ಲಿ ಹಿಡಿಸದ್ದು ಮಾಮೂಲಿ ರ‍್ಯಾಮ್‌ಗೆ ಹೋಗುತ್ತದೆ, ಅಲ್ಲಿಂದ ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಪಿಸಿಐಇ ದಾರಿಯಲ್ಲಿ ವಾಪಸ್ ಬರಬೇಕು. ನಾಲ್ಕನೆಯ ತಲೆಮಾರಿನ 16 ಲೇನ್ ಇದ್ದರೂ ಆ ದಾರಿಯ ಸಾಮರ್ಥ್ಯ ಸೆಕೆಂಡಿಗೆ ಸುಮಾರು 32 ಜಿಬಿ. ಕಾರ್ಡಿನ ಸ್ವಂತ ಮೆಮೊರಿಯದ್ದು ನೂರಾರು ಜಿಬಿ. ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಸೆಟ್ಟಿಂಗನ್ನು ಒಂದು ಹಂತ ಇಳಿಸಿದೆ. ಆಡುವಾಗ ಚಿತ್ರದಲ್ಲಿ ವ್ಯತ್ಯಾಸವೇ ಕಾಣಲಿಲ್ಲ, ತಡೆ ನಿಂತಿತು.

ಪೇಜ್ ಫೈಲ್ (ರ‍್ಯಾಮ್ ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಜಾಗ) ತೆಗೆಯಿರಿ, ರಿಜಿಸ್ಟ್ರಿ ತಿದ್ದಿ, ಬೂಸ್ಟರ್ ಹಾಕಿ ಅನ್ನುವ ಸಲಹೆಗಳೂ ಬಂದವು. ಯಾವುದನ್ನೂ ಮಾಡಲಿಲ್ಲ. ಪೇಜ್ ಫೈಲ್ ತೆಗೆದರೆ ಕೆಲವು ಆಟಗಳು ಮೆಮೊರಿ ಸಾಲದೆ ಮುಚ್ಚಿಕೊಳ್ಳುತ್ತವೆ.

ಕೊನೆಗೆ ಫ್ರೇಮ್ ಮಿತಿಯನ್ನು 138ಕ್ಕೆ ಕಟ್ಟಿದೆ, ವಿಆರ್‌ಆರ್ (ಫ್ರೇಮ್ ಬಂದಂತೆ ಮಾನಿಟರ್ ತನ್ನ ರಿಫ್ರೆಶ್ ರೇಟ್ ಹೊಂದಿಸಿಕೊಳ್ಳುವ ಸೌಲಭ್ಯ) ಆನ್ ಇಟ್ಟೆ. ಮಿತಿ ಮಾನಿಟರಿನ 144ಕ್ಕಿಂತ ಸ್ವಲ್ಪ ಕೆಳಗಿದ್ದರೆ ವಿಆರ್‌ಆರ್ ಸದಾ ಕೆಲಸ ಮಾಡುತ್ತದೆ, ಪ್ರೊಸೆಸರಿಗೂ ಉಸಿರಾಡಲು ಜಾಗ ಸಿಗುತ್ತದೆ. ಇನ್ನು ಕೆಲವು ಓಪನ್ ವರ್ಲ್ಡ್ ಆಟಗಳು ಹೊಸ ಪ್ರದೇಶವನ್ನು ಲೋಡ್ ಮಾಡುವಾಗ ಯಾವ ಕಂಪ್ಯೂಟರಿನಲ್ಲೂ ಮುಗ್ಗರಿಸುತ್ತವೆ. ಅದು ಆಟದೊಳಗಿನ ತೊಂದರೆ, ಪ್ಯಾಚ್ ಬರಬೇಕಷ್ಟೇ. ಅಂಥವಕ್ಕೆ ಮಿತಿಯನ್ನು 90ಕ್ಕೆ ಇಳಿಸಿ ಆಡುತ್ತೇನೆ. 7 ಮಿಲಿಸೆಕೆಂಡಿನಿಂದ 30ಕ್ಕೆ ಜಿಗಿಯುವುದಕ್ಕಿಂತ 11ರಿಂದ 30ಕ್ಕೆ ಜಿಗಿಯುವುದು ಕಣ್ಣಿಗೆ ಕಡಿಮೆ ಚುಚ್ಚುತ್ತದೆ.